ಒತ್ತೆಯಿಟ್ಟ ಮಕ್ಕಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಮದ್ದೂರು ದಾಟಿದ ಮೇಲೆ, ಮಂಡ್ಯ ಮುಟ್ಟುವ ಮೊದಲು ಗೆಜ್ಜಲಗೆರೆ ಸಿಗುತ್ತದೆ. ಜಿಲ್ಲೆಯ ಹಾಲು ಒಕ್ಕೂಟವಾದ ಮನ್‌ಮುಲ್‌ನ ಡೇರಿ ಇರುವುದು ಇಲ್ಲಿ. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿಯ ಉದ್ಘಾಟನಾ ಸಭೆ ನಡೆದದ್ದೂ ಇದೇ ಊರಿನಲ್ಲಿ. ಹೊಸ ರಸ್ತೆಯಲ್ಲಿ ಧಾವಿಸುವವರಿಗೆ ಈಗ ಊರುಗಳು ಕಾಣಿಸುವುದಿಲ್ಲ. ಶ್ರೀರಂಗಪಟ್ಟಣ ನೋಡಿಕೊಂಡು ಹಿಂದಿರುಗುತ್ತಿದ್ದ ನಾವು ಹಳೆಯ ರಸ್ತೆಯನ್ನೇ ಹಿಡಿದು ಗೆಜ್ಜಲಗೆರೆಯಲ್ಲಿ ಟೀ ಕುಡಿಯಲು ನಿಂತೆವು.

ನಮ್ಮ ಕೈಯಲ್ಲಿದ್ದ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಪೇಟ ಧರಿಸಿ ಮುತ್ತಿನ ಹಾರ ಹಾಕಿಕೊಂಡ ಇಬ್ಬರು ಬಾಲಕರು; ಅವರನ್ನು ಬರಮಾಡಿಕೊಳ್ಳುತ್ತಿರುವ ಬಿಳಿಯ ದೊರೆ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ, ಅರವತ್ತೈದರ ಆಸುಪಾಸಿನ ಒಬ್ಬರು ಬಗ್ಗಿ ನೋಡಿ ಕೇಳಿದರು: ‘ಯಾರ್ ಮಕ್ಳು ಸಾಬ್ರೆ ಅವು?’

‘ಟಿಪ್ಪು ಸುಲ್ತಾನರ ಮಕ್ಕಳು ಯಜಮಾನ್ರೆ. ಯುದ್ಧದ ಸಾಲ ತೀರೋವರೆಗೆ ಇಂಗ್ಲಿಷರ ಹತ್ತಿರ ಒತ್ತೆ ಇಟ್ಟಿದ್ದರು.’

ಅವರು ಚಿತ್ರವನ್ನು ಮತ್ತೊಮ್ಮೆ ನೋಡಿದರು. ‘ಅಂಗಾರೆ ಅವ್ರದೂ ನಂದೂ ಒಂದೇ ಕತೆ ಬುಡಿ. ನಮ್ಮಪ್ಪನೂ ನನ್ನ ಒತ್ತೆ ಮಡಗಿದ್ದ. ಇನ್ನೂರೈವತ್ತು ರೂಪಾಯ್ಗೆ.’

ಕನ್ನಡದಲ್ಲಿ ‘ಒತ್ತೆ’ ಎಂಬ ಮಾತು ಒಡವೆಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಗಿರವಿ ಅಂಗಡಿಯಲ್ಲಿಟ್ಟ ಓಲೆಯೂ ಒತ್ತೆ, ಶತ್ರುವಿನ ಪಾಳೆಯದಲ್ಲಿ ಕುಳಿತ ರಾಜಕುಮಾರನೂ ಒತ್ತೆ, ಧಣಿಯ ಕೊಟ್ಟಿಗೆಯಲ್ಲಿ ಮಲಗುವ ಜೀತದ ಹುಡುಗನೂ ಒತ್ತೆ. ಟಿಪ್ಪುವಿನ ಮಕ್ಕಳ ಕಥೆಯನ್ನು ನಾವು ಎಷ್ಟೋ ಸಲ ಓದಿದ್ದೆವು. ಆದರೆ ಅದನ್ನು ಜೀತದ ಹುಡುಗನ ಕಥೆಯ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಎರಡೂ ನಡೆದದ್ದು ಒಂದೇ ಸೀಮೆಯಲ್ಲಿ. ಎರಡರಲ್ಲೂ ತಂದೆಯ ಸಾಲಕ್ಕೆ ಮಗ ಹೊಣೆಯಾದ.

ಅರಮನೆಯ ಒತ್ತೆ

ಮೂರನೆಯ ಮೈಸೂರು ಯುದ್ಧ 1790ರಲ್ಲಿ ಶುರುವಾಯಿತು. ಒಂದು ಕಡೆ ಟಿಪ್ಪು. ಇನ್ನೊಂದು ಕಡೆ ಇಂಗ್ಲಿಷ್ ಕಂಪೆನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ. 1791ರ ಮಾರ್ಚ್‌ನಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಗೆದ್ದ. ಮೇ ತಿಂಗಳಲ್ಲಿ ಅರಕೆರೆಯ ಬಳಿ ಕಾಳಗ ನಡೆಯಿತು. ಆದರೆ ದವಸವಿಲ್ಲದೆ, ಎಳೆಯುವ ಎತ್ತುಗಳಿಲ್ಲದೆ ಅವನ ಸೈನ್ಯ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಕ್ಕೆ ಹೋಗಬೇಕಾಯಿತು. ಹೈದರಾಲಿ ಮತ್ತೆ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನು ಕಾರ್ನ್‌ವಾಲಿಸ್ ಕೆಡವಿಸಿದ್ದು ಇದೇ ವರ್ಷ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ನೆಲೆಗಳ ಮೇಲೆ ದಾಳಿಯಾಯಿತು. ಆ ತಿಂಗಳು ಮುಗಿಯುವ ಮೊದಲೇ ಟಿಪ್ಪು ಸಂಧಿಗೆ ಒಪ್ಪಬೇಕಾಯಿತು.

ಷರತ್ತುಗಳು ಕಠಿಣವಾಗಿದ್ದವು. ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕು. ಯುದ್ಧದ ಖರ್ಚಿಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅದರಲ್ಲಿ ಅರ್ಧ, ಅಂದರೆ 1 ಕೋಟಿ 65 ಲಕ್ಷ, ಕೂಡಲೇ. ಉಳಿದದ್ದು ಮೂರು ಕಂತುಗಳಲ್ಲಿ. ಎಲ್ಲ ಷರತ್ತುಗಳು ಪೂರ್ತಿಯಾಗುವವರೆಗೆ ಇಬ್ಬರು ಗಂಡುಮಕ್ಕಳು ಒತ್ತೆ.

ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್ ಆನೆಗಳ ಮೇಲೆ ಕೋಟೆಯಿಂದ ಹೊರಬಂದರು. ಒಬ್ಬನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬನಿಗೆ ಎಂಟು. ತೋಪುಗಳ ಸಲಾಮಿ ಹಾರಿತು. ಟಿಪ್ಪುವಿನ ವಕೀಲ ಗುಲಾಮ್ ಅಲಿ ಖಾನ್ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿದ. ಈ ಮಕ್ಕಳು ಇಂದು ಬೆಳಗಿನವರೆಗೆ ಸುಲ್ತಾನನ ಮಕ್ಕಳಾಗಿದ್ದರು, ಇನ್ನು ಮೇಲೆ ನಿಮ್ಮನ್ನೇ ತಂದೆಯೆಂದು ತಿಳಿಯಬೇಕು ಎಂಬ ಅರ್ಥದ ಮಾತನ್ನು ಅವನು ಆಡಿದನೆಂದು ಆ ಯುದ್ಧದ ಇಂಗ್ಲಿಷ್ ವೃತ್ತಾಂತಗಳು ಹೇಳುತ್ತವೆ. ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಮಕ್ಕಳಿಗೆ ಅದು ಖುಷಿ ಕೊಟ್ಟಿತಂತೆ.

ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಕಲಾವಿದ ಈ ದೃಶ್ಯವನ್ನು ಚಿತ್ರಿಸಿದ. ಭಾರತವನ್ನು ಎಂದೂ ಕಾಣದ ಮೇದರ್ ಬ್ರೌನ್ ಲಂಡನ್ನಿನಲ್ಲೇ ಕುಳಿತು ಇದೇ ವಸ್ತುವನ್ನು ಬರೆದ. ಈ ಚಿತ್ರಗಳು ಅಚ್ಚಾಗಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. ಅವುಗಳಲ್ಲಿ ಕಾರ್ನ್‌ವಾಲಿಸ್ ಗೆದ್ದ ಸೇನಾಪತಿಯಂತೆ ಕಾಣುವುದಿಲ್ಲ, ಅನಾಥರನ್ನು ಅಪ್ಪಿಕೊಳ್ಳುವ ಕರುಣಾಳುವಂತೆ ಕಾಣುತ್ತಾನೆ. ಮಕ್ಕಳನ್ನು ಒತ್ತೆ ಕೇಳಿದವನು ತಂದೆಯಾದ. ಕೊಟ್ಟವನು ಮಕ್ಕಳನ್ನು ಬಿಟ್ಟವನಾದ. ಸಾಲ ಕೊಟ್ಟವನು ದಯಾಳುವಾಗಿಯೂ ಸಾಲಗಾರ ಅಪರಾಧಿಯಾಗಿಯೂ ಕಾಣುವುದು ಅಂದಿಗೆ ಮುಗಿದುಹೋದ ಸಂಗತಿಯಲ್ಲ.

ಆ ತಂದೆತನದ ನಿಜ ಮೂರು ವಾರಗಳೊಳಗೇ ಬಯಲಾಯಿತು. ಕಂಪೆನಿ ಕೊಡಗನ್ನೂ ಕೇಳಿದಾಗ ಟಿಪ್ಪು ಒಪ್ಪಲಿಲ್ಲ. ಕೂಡಲೇ ಮಕ್ಕಳ ಜೊತೆಗೆ ಬಂದಿದ್ದ ಮೈಸೂರಿನ ಕಾವಲಿನವರ ಆಯುಧಗಳನ್ನು ಕಸಿದುಕೊಂಡರು. ಮಕ್ಕಳನ್ನು ಪೂರ್ವ ಕರಾವಳಿಯ ಕಡೆಗೆ ಸಾಗಿಸುವ ಏರ್ಪಾಟು ಶುರುವಾಯಿತು. ಟಿಪ್ಪು ಮಣಿದ. ಮಾರ್ಚ್ 19ರಂದು ಸಂಧಿಪತ್ರವನ್ನು ಕಾರ್ನ್‌ವಾಲಿಸನ ಕೈಗೆ ಕೊಟ್ಟವರೂ ಆ ಬಾಲಕರೇ. ತಮ್ಮ ತಂದೆಯ ರಾಜ್ಯ ಅರ್ಧವಾದ ಕಾಗದ ಅದು.

ಬಿಡಿಸಿಕೊಂಡ ಹಣ ಯಾರದು?

ಮಕ್ಕಳನ್ನು ಮದ್ರಾಸಿಗೆ ಕರೆದೊಯ್ದರು. ಇತ್ತ ಟಿಪ್ಪು ಹಾಸಿಗೆಯನ್ನು ತೊರೆದು ನೆಲದ ಮೇಲೆ ಒರಟು ಬಟ್ಟೆ ಹಾಸಿಕೊಂಡು ಮಲಗತೊಡಗಿದನೆಂದು ಅವನ ಕಾಲದವನೇ ಆದ ಮೀರ್ ಹುಸೇನ್ ಅಲಿ ಕಿರ್ಮಾನಿ ಬರೆದಿದ್ದಾನೆ. ಇದನ್ನು ಸೇಡಿನ ಶಪಥವೆಂದು ಓದುವವರಿದ್ದಾರೆ. ಕಥೆ ಬರೆಯುವ ನಮಗೆ ಇದರಲ್ಲಿ ಒಬ್ಬ ತಂದೆಯೂ ಕಾಣುತ್ತಾನೆ. ಮಕ್ಕಳು ಯಾರದೋ ಡೇರೆಯಲ್ಲಿ ಮಲಗಿರುವಾಗ ಮೆತ್ತನೆಯ ಹಾಸಿಗೆ ಯಾವ ತಂದೆಗೆ ಹಿಡಿಸೀತು?

ಆದರೆ ತಂದೆಯ ದುಃಖವನ್ನು ಹೇಳಿ ಇತಿಹಾಸವನ್ನು ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. 3 ಕೋಟಿ 30 ಲಕ್ಷ ಎಲ್ಲಿಂದ ಬಂತು? ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಲೆಕ್ಕ ಕೊಡುತ್ತಾನೆ. ಬೊಕ್ಕಸದಿಂದ 1 ಕೋಟಿ 10 ಲಕ್ಷ, ಸೈನ್ಯದಿಂದ ನಜರಾಣೆಯಾಗಿ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳಿಂದ ಮತ್ತು ಪ್ರಜೆಗಳಿಂದ. ವಸೂಲಿಯಲ್ಲಿ ಜನರಿಗೆ ಬಹಳ ಹಿಂಸೆಯಾಯಿತೆಂದೂ ಅವನು ಬರೆಯುತ್ತಾನೆ. ವಿಲ್ಕ್ಸ್ ಕಂಪೆನಿಯ ಅಧಿಕಾರಿ, ಟಿಪ್ಪುವಿನ ಸ್ನೇಹಿತನಲ್ಲ. ಅವನನ್ನು ಎಚ್ಚರದಿಂದಲೇ ಓದಬೇಕು. ಹಾಗಿದ್ದರೂ ಯುದ್ಧದಲ್ಲಿ ಬೆಳೆ ಕಳೆದುಕೊಂಡ ನಾಡಿನ ರೈತ ಈ ಲೆಕ್ಕದಿಂದ ಹೊರಗುಳಿದಿದ್ದನೆಂದು ನಂಬುವುದು ಕಷ್ಟ. ಸುಲ್ತಾನನ ಮಕ್ಕಳನ್ನು ಬಿಡಿಸಿದ ಹಣದಲ್ಲಿ ಹೆಸರಿಲ್ಲದ ತಂದೆಯರ ದುಡ್ಡೂ ಇತ್ತು. ಟಿಪ್ಪುವನ್ನು ಹೊಗಳುವವರು ಹಾಸಿಗೆಯ ಕಥೆಯನ್ನು ಹೇಳುತ್ತಾರೆ, ತೆಗಳುವವರು ವಸೂಲಿಯ ಕಥೆಯನ್ನು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಆ ಕಾಲ ನಮಗೆ ಅರ್ಥವಾಗುವುದು.

1794ರಲ್ಲಿ ಕ್ಯಾಪ್ಟನ್ ಡವ್ಟನ್ ಎಂಬ ಅಧಿಕಾರಿ ಮಕ್ಕಳನ್ನು ದೇವನಹಳ್ಳಿಯಲ್ಲಿ ಟಿಪ್ಪುವಿಗೆ ಒಪ್ಪಿಸಿದ. ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. ಎರಡು ವರ್ಷಗಳ ಮೇಲೆ ಒತ್ತೆ ಬಿಡುಗಡೆಯಾಯಿತು.

ಆ ಬಿಡುಗಡೆ ಉಳಿದದ್ದು ಐದೇ ವರ್ಷ. 1799ರ ಮಾರ್ಚ್ 27ರಂದು ಮಳವಳ್ಳಿಯ ಕಾಳಗದಲ್ಲಿ ಟಿಪ್ಪು ಹಿಮ್ಮೆಟ್ಟಿದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಅವನೂ ಬಿದ್ದ. ಹಿಂದೆ ಒತ್ತೆಯಾಳಾಗಿದ್ದ ಅಬ್ದುಲ್ ಖಾಲಿಕ್ ಮತ್ತೆ ಅದೇ ಇಂಗ್ಲಿಷರಿಗೆ ಶರಣಾದ. ಮಕ್ಕಳನ್ನೆಲ್ಲ ವೆಲ್ಲೂರು ಕೋಟೆಯಲ್ಲಿಟ್ಟರು. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ಕಲ್ಕತ್ತೆಗೆ ಸಾಗಿಸಿದರು. ಈ ಸಲ ಸಂಧಿಯಿಲ್ಲ, ಕಂತಿಲ್ಲ, ತೀರಿಸಬೇಕಾದ ಮೊತ್ತವೂ ಇಲ್ಲ. ಆದ್ದರಿಂದ ಬಿಡುಗಡೆಯ ದಿನವೂ ಇರಲಿಲ್ಲ. ಕಾಲೂರಲು ಸ್ವಂತ ನೆಲ ಇಲ್ಲದವನ ಬಿಡುಗಡೆಯನ್ನು ಬಲವಿದ್ದವನು ಯಾವಾಗ ಬೇಕಾದರೂ ವಾಪಸು ಪಡೆಯಬಹುದು. ರಾಜಕುಮಾರರ ಈ ಪಾಠವನ್ನೇ ಜೀತಗಾರರ ಚರಿತ್ರೆಯೂ ಕಲಿಸುತ್ತದೆ.

ಕೊಟ್ಟಿಗೆಯ ಒತ್ತೆ

ಹಳೆಯ ಮೈಸೂರು ಸೀಮೆಯಲ್ಲಿ ಜೀತದ ವರ್ಷ ಉಗಾದಿಯಿಂದ ಉಗಾದಿಗೆ. ಮದುವೆಗೋ, ಕಾಯಿಲೆಗೋ, ಹೊಟ್ಟೆಗೋ ತಂದೆ ಮುಂಗಡ ಪಡೆಯುತ್ತಿದ್ದ. ಮಗ ಹೋಗಿ ಧಣಿಯ ಮನೆಯಲ್ಲಿರುತ್ತಿದ್ದ. ಸಗಣಿ ಬಾಚಬೇಕು, ಹುಲ್ಲು ತರಬೇಕು, ದನ ಮೇಯಿಸಬೇಕು. ಊಟ, ವರ್ಷಕ್ಕೊಂದು ಜೊತೆ ಬಟ್ಟೆ, ಒಂದು ಕಂಬಳಿ. ಕಾಯಿಲೆ ಬಿದ್ದ ದಿನಗಳು ಲೆಕ್ಕಕ್ಕೆ ಸೇರುತ್ತಿದ್ದವು. ಸತ್ತ ಕರುವಿನ ಬೆಲೆಯೂ ಸೇರುತ್ತಿತ್ತು. ಲೆಕ್ಕ ಬರೆಯುವವನು ಧಣಿ, ಹೆಬ್ಬೆಟ್ಟು ಒತ್ತುವವನು ತಂದೆ. ಹೀಗೆ ಜೀತಕ್ಕೆ ಬಿದ್ದವರಲ್ಲಿ ಹೆಚ್ಚಿನವರು ದಲಿತರು.

ಗೆಜ್ಜಲಗೆರೆಯಲ್ಲಿ ನಮಗೆ ಸಿಕ್ಕ ಹಿರಿಯರು ಎಂಟು ವರ್ಷದವರಿದ್ದಾಗ ಜೀತಕ್ಕೆ ಸೇರಿದ್ದರು. ಟಿಪ್ಪುವಿನ ಕಿರಿಯ ಮಗನಿಗೂ ಅಷ್ಟೇ ವಯಸ್ಸು. ಅಕ್ಕನ ಮದುವೆಗೆ ತಂದ ಇನ್ನೂರೈವತ್ತು ರೂಪಾಯಿಗೆ ಅವರು ಎಂಟು ವರ್ಷ ದುಡಿದರು. ಸಾಲ ಇಳಿಯಲಿಲ್ಲ, ಏರಿತು. ‘ಉಗಾದಿ ಬಂತು ಅಂದ್ರೆ ಎಲ್ರಿಗೂ ಹಬ್ಬ ಸಾಬ್ರೆ. ನಂಗೆ ಮಾತ್ರ ಅಪ್ಪ ಬತ್ತಾನೆ, ಕರ್ಕೊಂಡೋಯ್ತನೋ ಇನ್ನೊಂದ್ ವರ್ಸ ಮಡಗ್ತನೋ ಅಂತ ಎದೆ ಹೊಡ್ಕೊಳದು’ ಎಂದರು. ಅಪ್ಪ ಬರುತ್ತಿದ್ದ, ಇನ್ನಷ್ಟು ಮುಂಗಡ ಪಡೆಯುತ್ತಿದ್ದ, ಮಗನ ಮುಖ ನೋಡದೆ ಹೋಗುತ್ತಿದ್ದ.

ಮಕ್ಕಳ ದುಡಿಮೆಯನ್ನು ಒತ್ತೆ ಇಡುವುದರ ವಿರುದ್ಧ ಬ್ರಿಟಿಷ್ ಇಂಡಿಯಾದಲ್ಲಿ 1933ರಲ್ಲೇ ಒಂದು ಕಾಯ್ದೆ ಬಂದಿತ್ತು. ಹದಿನೈದು ವರ್ಷದೊಳಗಿನ ಮಗುವಿನ ಮೇಲೆ ಮಾಡಿಕೊಂಡ ಅಂಥ ಕರಾರು ಅಸಿಂಧು. ಕರಾರು ಮಾಡಿದ ತಂದೆಗೆ 50 ರೂಪಾಯಿವರೆಗೆ, ಮಾಡಿಸಿಕೊಂಡವನಿಗೆ 200 ರೂಪಾಯಿವರೆಗೆ ದಂಡ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಇಂಡಿಯಾದ ಹೊರಗಿತ್ತು, ಆ ಮಾತು ಬೇರೆ. ಹೊಟ್ಟೆಗಿಲ್ಲದೆ ಮಗನನ್ನು ಬಿಟ್ಟ ತಂದೆಯೂ ತಪ್ಪಿತಸ್ಥ ಎಂದು ಆ ಕಾಯ್ದೆ ಬಗೆದದ್ದು ಗಮನಿಸಬೇಕಾದ ಸಂಗತಿ.

1975ರ ಅಕ್ಟೋಬರ್ 24ರಂದು ಕೇಂದ್ರ ಸರ್ಕಾರ ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಹೊರಡಿಸಿತು. 1976ರಲ್ಲಿ ಅದು ಕಾಯ್ದೆಯಾಯಿತು. ತುರ್ತುಪರಿಸ್ಥಿತಿಯ ಕಾಲ ಅದು; ಒಂದು ಕಡೆ ಜನರ ಹಕ್ಕುಗಳನ್ನು ಕಸಿದುಕೊಂಡ ಸರ್ಕಾರವೇ ಇನ್ನೊಂದು ಕಡೆ ಜೀತಗಾರರ ಸರಪಳಿ ಬಿಚ್ಚಿತು. ಈ ಕಾಯ್ದೆಯ ಬೆರಳು ತಿರುಗಿದ್ದು ಸಾಲ ಕೊಟ್ಟವನ ಕಡೆಗೆ. ಜೀತದ ಸಾಲವೆಲ್ಲ ಅಂದಿಗೆ ತೀರಿತು ಎಂದಿತು. ಅದಕ್ಕಾಗಿ ಇಟ್ಟುಕೊಂಡ ಆಸ್ತಿಯನ್ನು ಹಿಂದಿರುಗಿಸಬೇಕು ಎಂದಿತು. ತೀರಿದ ಸಾಲಕ್ಕೆ ಮತ್ತೆ ಹಣ ಪಡೆದರೆ ಮೂರು ವರ್ಷದವರೆಗೆ ಜೈಲು. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಧಣಿಯದೇ. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ 1976ರಲ್ಲೇ ಋಣ ಪರಿಹಾರ ಕಾಯ್ದೆಯನ್ನೂ ತಂದಿತು. ಸಣ್ಣ ರೈತರು ಮತ್ತು ಭೂಮಿಯಿಲ್ಲದ ಕೂಲಿಕಾರರು ಲೇವಾದೇವಿಯವರಿಂದ ಪಡೆದ ಸಾಲಗಳು ಮನ್ನಾ ಆದವು.

ನಮ್ಮ ಹಿರಿಯರು ಹೊರಬಂದದ್ದು ಆಗ. ಆದರೆ ಹೊರಬಂದವರೆಲ್ಲ ಹೊರಗೇ ಉಳಿಯಲಿಲ್ಲ. ಮಾರನೆಯ ದಿನದ ಅನ್ನ ಎಲ್ಲಿಂದ? ಕೈಯಲ್ಲಿ ಬಿಡುಗಡೆಯ ಕಾಗದ ಹಿಡಿದುಕೊಂಡೇ ಎಷ್ಟೋ ಜನ ಅದೇ ಕೊಟ್ಟಿಗೆಗೆ, ‘ಸಂಬಳದಾಳು’ ಎಂಬ ಹೊಸ ಹೆಸರಿನಲ್ಲಿ ಮರಳಿದರು. ಬಿಡುಗಡೆಯಾದವರಿಗೆ ಬದುಕುವ ದಾರಿ ಮಾಡಿಕೊಡದಿದ್ದರೆ ಬಿಡುಗಡೆಗೆ ಅರ್ಥವಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಹೇಳಬೇಕಾಯಿತು. 1978ರಲ್ಲಿ ಪುನರ್ವಸತಿಗೆ 4,000 ರೂಪಾಯಿ ನಿಗದಿಯಾಗಿತ್ತು. 2000ದಲ್ಲಿ ಅದು 20,000 ಆಯಿತು. 2016ರಲ್ಲಿ 1 ಲಕ್ಷದಿಂದ 3 ಲಕ್ಷದವರೆಗೆ ಏರಿತು. ಆದರೆ ಪೂರ್ತಿ ಹಣ ಸಿಗಲು ಜೀತಕ್ಕಿಟ್ಟುಕೊಂಡವನಿಗೆ ಶಿಕ್ಷೆಯಾಗಬೇಕೆಂದು ಷರತ್ತು ಹಾಕಿದರು.

ಕಾಯ್ದೆ ಬಂದು ಕಾಲು ಶತಮಾನವಾಗುವ ಹೊತ್ತಿಗೆ, 2000ದಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿಸಿಕೊಂಡು ದುಡಿಯುತ್ತಿದ್ದ ಕೂಲಿಕಾರರು ಸಿಕ್ಕರು. ರೈತಸಂಘದವರು ಅದನ್ನು ಬಯಲಿಗೆ ತಂದರು. ಸುಲ್ತಾನನ ಮಕ್ಕಳು ಆನೆಯ ಮೇಲೆ ಹೊರಟ ಕೋಟೆಯೂ ಅದೇ ತಾಲ್ಲೂಕಿನಲ್ಲಿದೆ.

ಯಾರು ಯಾರನ್ನು ಬಿಡಬೇಕು?

ನಮ್ಮ ಧರ್ಮದಲ್ಲಿ ಸಾಲ ಹಗುರವಾದ ಮಾತಲ್ಲ. ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಡುವುದು ಇನ್ನೂ ಉತ್ತಮ ಎಂದು ಕುರ್‌ಆನ್ ಬೋಧಿಸುತ್ತದೆ. ಝಕಾತ್ ಹಣಕ್ಕೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ, ದಾಸ್ಯದಿಂದ ಬಿಡಿಸಬೇಕಾದವರೂ ಸೇರಿದ್ದಾರೆ. ಈ ಎರಡನ್ನೂ ಒಂದೇ ವಚನದಲ್ಲಿ ಹೇಳಿರುವುದು ಸುಮ್ಮನೆ ಅಲ್ಲ. ಸಾಲ ಎಲ್ಲಿ ಮುಗಿಯುತ್ತದೆ, ದಾಸ್ಯ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ.

ನಮ್ಮ ಮನೆಗಳಲ್ಲಿ ಜನಾಝ ನಮಾಝಿಗೆ ಮೊದಲು ಒಬ್ಬರು ಎದ್ದು ನಿಂತು, ಮೃತರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ಮನೆಯವರಿಗೆ ಹೇಳಿ, ಇಲ್ಲವೇ ಮಾಫ್ ಮಾಡಿ ಎಂದು ಕೇಳಿಕೊಳ್ಳುತ್ತಾರೆ. ‘ದೂಧ್ ಬಖ್ಶ್‌ನಾ’ ಎಂಬ ಇನ್ನೊಂದು ರೂಢಿಯೂ ಇದೆ. ತಾಯಿ ತನ್ನ ಹಾಲಿನ ಋಣದಿಂದ ಮಕ್ಕಳನ್ನು ಬಿಡುಗಡೆ ಮಾಡುವುದು ಅದು. ಹೆತ್ತವರಿಗೆ ಮಕ್ಕಳು ಋಣಿಗಳು, ಬಿಡಬೇಕಾದವರು ಹೆತ್ತವರು ಎಂದೇ ನಾವು ತಿಳಿದು ಬೆಳೆದಿದ್ದೇವೆ. ಮಗನಿಗೆ ತಂದೆಯೇ ಋಣಿಯಾದರೆ ಯಾರನ್ನು ಯಾರು ಬಿಡಬೇಕು?

ಹಿರಿಯರು ತಮ್ಮ ಮುಂದಿನ ಬದುಕನ್ನು ಎರಡೇ ಮಾತಿನಲ್ಲಿ ಮುಗಿಸಿದರು. ಜೀತದಿಂದ ಹೊರಬಂದು ಕೆಲವು ವರ್ಷ ಕೂಲಿ ಮಾಡಿ, ಆಮೇಲೆ ಸಾಲ ಮಾಡಿ ಒಂದು ಹಸು ಕೊಂಡರು. ವಿಶ್ವಬ್ಯಾಂಕಿನ ನೆರವಿನಿಂದ 1974-75ರಲ್ಲಿ ಶುರುವಾದ ಡೇರಿ ಯೋಜನೆಯಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಹಾಲಿನ ಸೊಸೈಟಿಗಳು ಹುಟ್ಟಿದ್ದವು. ಎಂಟು ವರ್ಷ ಪರರ ಹಸುಗಳ ಸಗಣಿ ಬಾಚಿದವರು ತಮ್ಮ ಹಸುವಿನ ಹಾಲನ್ನು ಸೊಸೈಟಿಗೆ ಅಳೆದುಕೊಟ್ಟು ಬಟವಾಡೆ ಪಡೆದರು. ‘ಅದೂ ಸಾಲವೇ ಅಲ್ವಾ ಯಜಮಾನ್ರೆ?’ ಎಂದು ಕೇಳಿದೆವು. ‘ಸಾಲವೇಯ. ಆದ್ರೆ ಹಸ ನನ್ ಕೊಟ್ಗೇಲಿತ್ತು, ಮಗ ಇಸ್ಕೂಲಲ್ಲಿದ್ದ’ ಎಂದರು. ಸಾಲಕ್ಕೂ ಜೀತಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಾಯ್ದೆಯೂ ಹೇಳಿಲ್ಲ.

ಆಮೇಲೆ ತಂದೆಯ ವಿಷಯ ಬಂತು. ‘ಸಾಯಕ್ಮುಂಚೆ ನನ್ ಕಯ್ ಹಿಡ್ಕಂಡ. ನಿನ್ನ ಮಡಗ್ದೆ ಕನ ಮಗ, ಬುಡುಸ್ಕೊಳಕ್ಕೆ ಆಗ್ನಿಲ್ಲ ಅಂದ. ಸರ್ಕಾರ ಬುಡುಸ್ತಲ್ಲಪ್ಪಾ ಅಂದೆ. ಸರ್ಕಾರ ಬುಡುಸ್ತು, ನಾನು ಬುಡುಸ್ನಿಲ್ವಲ್ಲ ಅಂದ.’

ನಾವು ಸುಮ್ಮನಿದ್ದೆವು. ಅವರೇ ಮುಂದುವರಿಸಿದರು: ‘ಇನ್ನೇನ್ ಮಾಡದು ಸಾಬ್ರೆ? ನಾನೇ ನಿನ್ನ ಬುಟ್ಟೆ ಕನಪ್ಪ, ನಿರುಮ್ಮಳವಾಗಿ ಹೋಗು ಅಂದೆ.’

ಸಾಲವನ್ನು ಕಾಯ್ದೆ ತೀರಿಸಬಲ್ಲದು, ತಂದೆಯ ಎದೆಯ ಭಾರವನ್ನು ತೀರಿಸಲಾರದು. ಅದನ್ನು ಇಳಿಸಬಲ್ಲವನು ಒತ್ತೆಯಾಗಿದ್ದ ಮಗನೊಬ್ಬನೇ. ಆದರೆ ಮಗ ಕ್ಷಮಿಸಿದನೆಂದು ನಾವು ನೆಮ್ಮದಿಯಿಂದ ಕೂರುವಂತಿಲ್ಲ. ಆ ತಂದೆಯ ಮುಂದೆ ಮಗನನ್ನು ಬಿಟ್ಟು ಬೇರೇನೂ ಒತ್ತೆಯಿಡಲು ಉಳಿಯದಂತೆ ಮಾಡಿದವರು ಯಾರು ಎಂಬ ಪ್ರಶ್ನೆ ಹಾಗೇ ಇರುತ್ತದೆ. ಆ ಋಣ ಸಮಾಜದ ಮೇಲಿದೆ. ಇನ್ನೊಬ್ಬ ತಂದೆ ಹಾಗೆ ಹೆಬ್ಬೆಟ್ಟು ಒತ್ತಬೇಕಾದ ದಿನ ಬಾರದಂತೆ ನೋಡಿಕೊಂಡರೆ ಮಾತ್ರ ಅದು ತೀರುತ್ತದೆ. ಕೂಲಿಗೆ ತಕ್ಕ ಬೆಲೆ, ಕಾಯಿಲೆಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ, ತುಂಡು ನೆಲ, ಒಂದು ಹಸು. ಇವಿಲ್ಲದ ಬಿಡುಗಡೆ ದೇವನಹಳ್ಳಿಯ ಬಿಡುಗಡೆಯಂತೆ ಕೆಲವೇ ವರ್ಷಗಳದ್ದು.

ಏಳುವ ಮುನ್ನ ಹಿರಿಯರು ಪುಸ್ತಕದ ಚಿತ್ರವನ್ನು ಇನ್ನೊಂದು ಸಲ ನೋಡಿದರು. ‘ಇವ್ರಪ್ಪ ಬುಡುಸ್ಕೊಂಡ್ನಾ?’

‘ಬಿಡಿಸಿಕೊಂಡರು. ಎರಡು ವರ್ಷಕ್ಕೆ.’

‘ಪುಣ್ಯವಂತ’ ಎಂದರು. ವೆಲ್ಲೂರಿನ ಕಥೆಯನ್ನು ನಾವು ಅವರಿಗೆ ಹೇಳಲಿಲ್ಲ.